ಗೋಡೆಯಾಚೆಯ ಹಗ್ಗ

ಕರಿಗುಡ್ಡದ ಅರಸ ಊರೂರಿಗೆ ಡಂಗುರ ಹೊಡೆಸಿದ. ಹತ್ತಿ ಹೊಲದ ನಡುವೆ ಬಿಳಿ ಸಾಹೇಬ ಬಿಟ್ಟುಹೋದ ಬಂಗಲೆಯ ಬಗ್ಗೆ ಮೂರು ಒಗಟು. ಬಿಡಿಸಿದವನಿಗೆ ಬಂಗಲೆ, ತಪ್ಪಿದವನಿಗೆ ಶಿರಚ್ಛೇದ. ಅರಸರಿಗೆ ಹೊತ್ತು ಹೋಗದಿದ್ದರೆ ಹೀಗೇ, ಮಂದಿಯ ತಲೆಗೆ ಬರುತ್ತದೆ.

ದುರುಗಪ್ಪನ ಮಗ ಭರಮನೂ ಹೋಗಿ ನಿಂತ. ಅಪ್ಪ ಆಯುಷ್ಯವೆಲ್ಲ ಆ ಮನೆಗೆ ದುಡಿದಿದ್ದರೂ ಒಳಗೆ ಕಾಲಿಟ್ಟವನಲ್ಲ. ಒಂದು ಮಧ್ಯಾಹ್ನವಾದರೂ ಅಲ್ಲಿಯ ಹಜಾರದಲ್ಲಿ ಅಪ್ಪ ಮೈಚಾಚಿ ಮಲಗಬೇಕು ಎಂಬುದೊಂದೇ ಅವನ ಆಸೆ.

ಬಂಗಲೆಯ ಅಂಗಳದಲ್ಲಿ ಅರಸ ಕೇಳಿದ: "ಇಲ್ಲೊಂದು ಒಲೆಯಿದೆ. ಹೊಗೆ ಸೂರು ದಾಟಿತು, ಯಾರ ಹೊಟ್ಟೆಯೂ ತುಂಬಲಿಲ್ಲ. ಯಾಕೆ?"

"ಅಡುಗೆಯವನು ಕಳ್ಳ," ಎಂದ ಪಾಳೆಯಗಾರನ ಮಗ. ಅವನನ್ನು ಎಳೆದೊಯ್ದರು.

"ಅದು ಅನ್ನದ ಒಲಿ ಅಲ್ರಿ," ಎಂದ ಭರಮ. "ಸಾಹೇಬ ತನ್ನ ಚಳಿ ದೇಶ ನೆನಸಿ ಗ್ವಾಡ್ಯಾಗ ಕಟ್ಟಿಸಿದ್ದು. ಈ ಬಿಸಲಾಗ ಬೆಂಕಿ ಹಚ್ಚಿ, ಬೆವರು ಸುರಿಸ್ತ ಕುಂದರತಿದ್ದ."

ಅರಸ ಹೌದೆಂದು ತಲೆಯಾಡಿಸಿದ. "ಒಂದು ಕಾಲಕ್ಕೆ ಕೇರಿಗೆಲ್ಲ ಉಣಿಸಿದ ಹೊಟ್ಟೆ. ಈಗ ಈ ಮನೆಗೆ ಬಂದವರೆಲ್ಲ ತುಳಿಯುತ್ತಾರೆ. ಏನದು?"

"ಭೂತಾಯಿ," ಎಂದರು ಆಸ್ಥಾನದ ಪಂಡಿತರು.

"ಭೂಮಿ ಈಗಲೂ ಉಣಿಸುತ್ತಿದೆಯಲ್ಲ," ಎಂದ ಅರಸ. ಪಂಡಿತರೂ ಹೋದರು.

ಭರಮ ಬಾಗಿಲತ್ತ ಕೈ ತೋರಿದ. "ಬಾಗಿಲ ಮುಂದಿನ ಮೆಟ್ಲರಿ. ಇಲ್ಲಿದ್ದ ನಮ್ಮ ಕೇರಿ ಕೆಡವಿ ಬಂಗ್ಲೆ ಕಟ್ಟಿದ್ರು. ಕೇರಿಗೆಲ್ಲ ಕುಟ್ಟಿ ಕೊಡತಿದ್ದ ನಮ್ಮಜ್ಜಿಯ ಒರಳನ್ನ ಬೋರಲು ಹಾಕಿ ಮೆಟ್ಲ ಮಾಡಿದ್ರು."

ಉಳಿದ ಸ್ಪರ್ಧಿಗಳು ಆಗಲೇ ಕಾಲು ಕಿತ್ತಿದ್ದರು. ಅರಸ ಕೊನೆಯದನ್ನು ಕೇಳಿದ: "ಹಜಾರದಲ್ಲಿ ಮಲಗಿದವರಿಗೆಲ್ಲ ತಂಪು ಕೊಟ್ಟವನು, ಹಜಾರವನ್ನೇ ಕಾಣದವನು. ಯಾರು?"

"ನಮ್ಮಪ್ಪ," ಎಂದ ಭರಮ. "ಒಳಗ ಸೂರಿಗೆ ಬಟ್ಟೆ ಪಂಖ ತೂಗು ಹಾಕ್ಯಾರ. ಅದರ ಹಗ್ಗ ಹೊರಗ ಕುಂತು ಜಗ್ಗಾಂವ ಅವನ. ಗ್ವಾಡಿಗೆ ಹಗ್ಗದಷ್ಟ ತೂತ ಇಟ್ಟಾರ್ರಿ, ಕಣ್ಣು ಹಾಯಬಾರದಂತ."

ಅರಸ ನಕ್ಕು ಬೀಗದ ಕೈ ಕೊಟ್ಟ. ಅದೇ ಒರಳಿನ ಮೇಲೆ ಕಾಲೂರಿ ಪಲ್ಲಕ್ಕಿ ಹತ್ತಿದ.

ಭರಮ ಅಪ್ಪನನ್ನು ಕರೆತಂದ. ದುರುಗಪ್ಪ ತನ್ನವ್ವನ ಒರಳು ತುಳಿಯಲಾರದೆ ಹಿಂಬಾಗಿಲಿಂದ ಒಳಗೆ ಬಂದ. ಭರಮ ಪಂಖದ ಕೆಳಗೆ ಚಾಪೆ ಹಾಸಿ, ನೀರು ತರಲು ಹೋದ. ತಿರುಗಿ ಬಂದಾಗ ಚಾಪೆ ಖಾಲಿಯಿತ್ತು. ಮೇಲೆ ಪಂಖ ಬೀಸುತ್ತಿತ್ತು.

ಹೊರಗೆ ದುರುಗಪ್ಪ ಕಾಲಿನ ಹೆಬ್ಬೆರಳಿಗೆ ಹಗ್ಗ ಸುತ್ತಿಕೊಂಡು ಕೂತಿದ್ದ.

"ಅಪ್ಪಾ, ಒಳಗ ಬಾ. ಮನಿ ನಮ್ಮದ ಆಗೇತಿ."

"ಒಳಗ ನನಗ ಹೆದರಿಕಿ ಆಗತೈತಪ್ಪ. ನೀ ಮಲಗ ಹೋಗು, ಭಾಳ ಸೆಕಿ ಐತಿ."

ಭರಮ ಎಷ್ಟು ಅಂಗಲಾಚಿದರೂ ಅಪ್ಪ ಏಳಲಿಲ್ಲ. ಕೊನೆಗೆ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿದ. ದುಃಖ ಒತ್ತರಿಸಿ ಬಂತು. ಗಾಳಿ ಮಾತ್ರ ತಂಪಾಗಿತ್ತು.