ಎಡಗೆನ್ನೆಗೆ ಯಾವ ಲೆನ್ಸ್?

ಹೊಳೆಯ ದಂಡೆಯಲ್ಲಿ ಅಂದಾನಯ್ಯ ಎಂಬ ಗುರುಗಳಿದ್ದರು. ಯಾವ ಹೊಳೆ ಎಂದು ಕೇಳಬೇಡಿ. ಈ ಕಥೆ ಹೇಳಿದಾಗಲೆಲ್ಲ ನನ್ನ ಬಾಯಲ್ಲಿ ಬೇರೆ ಹೊಳೆ ಬಂದುಬಿಡುತ್ತದೆ.

ಅವರಿಗೆ ಉದ್ದ ಗಡ್ಡವಿತ್ತು. ಇರಲಿಲ್ಲ ಎನ್ನುವವರೂ ಇದ್ದಾರೆ. ಇರಲಿ ಬಿಡಿ, ಗುರುಗಳಿಗೆ ಗಡ್ಡ ಒಪ್ಪುತ್ತದೆ.

ಅವರು ಕಲಿಸುತ್ತಿದ್ದದ್ದು ವೇದಾಂತವನ್ನಲ್ಲ, ಫೋಟೋ ತೆಗೆಯುವುದನ್ನು. ತಗಡಿನ ಮಾಡು, ಮುಂದೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಗುರುಗಳು ಮಾತ್ರ ಶೆಡ್ಡು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಸುಧನ್ವ ಏದುಸಿರು ಬಿಡುತ್ತ ಬಂದ.

“ಗುರುಗಳೇ, ಮುಖದ ಚಿತ್ರಕ್ಕೆ ಯಾವ ಲೆನ್ಸ್ ಒಳ್ಳೇದು?”

“ಯಾರ ಮುಖ?”

“ಅದು ಆಮೇಲೆ. ಮೊದಲು ಲೆನ್ಸ್ ಹೇಳಿ.”

“ಚಪ್ಪಲಿ ಅಂಗಡಿಗೆ ಹೋಗಿ, ಯಾವ ಅಳತೆ ಒಳ್ಳೇದು ಅಂತ ಕೇಳ್ತೀಯೇನಯ್ಯ?”

“ಎಲ್ಲರೂ ಎಂಬತ್ತೈದು ಎಂಎಂ ಲೆನ್ಸ್ ಅಂತಾರೆ. ಮುಖದ ಹಿಂದಿರೋದೆಲ್ಲ ಮಂಜಾಗಿ ಬೆಣ್ಣೆ ಹಾಗೆ ಕರಗಿಹೋಗುತ್ತಂತೆ.”

“ಹೌದು. ಸ್ವಲ್ಪ ದೂರ ನಿಂತು ತೆಗೀಬಹುದು. ಮೂಗು ಮೂಗಿನ ಹಾಗೇ ಇರುತ್ತೆ, ಬದನೆಕಾಯಿ ಆಗಲ್ಲ.”

“ಬೆಟ್ಟ, ಬಯಲು ತೆಗೆಯೋಕೆ?”

“ಅಗಲದ್ದು ಬೇಕು. ಇಪ್ಪತ್ನಾಲ್ಕರದ್ದೋ ಹದಿನಾರರದ್ದೋ. ಆದರೆ ಅದು ಮದುವೆ ಮನೆ ಪಂಕ್ತಿ ಇದ್ದ ಹಾಗೆ. ಕರೆಯದೆ ಇದ್ದವರೂ ಬಂದು ಎಲೆ ಮುಂದೆ ಕೂತಿರ್ತಾರೆ. ಯಾರನ್ನ ಎಬ್ಬಿಸಬೇಕು ಅಂತ ನಿನಗೆ ಗೊತ್ತಿರಬೇಕು.”

“ಇರುವೆ, ಹೂವಿನ ಕೇಸರ?”

“ಅದಕ್ಕೆ ಮ್ಯಾಕ್ರೋ, ಮೂಗು ತಾಗೋ ಅಷ್ಟು ಹತ್ತಿರದಿಂದ ತೆಗೆಯೋದು. ಸೀನಿದರೆ ಚಿತ್ರ ಹೋಯ್ತು, ಇರುವೆನೂ ಹೋಯ್ತು.”

“ಅಂದ್ರೆ ಮೂರು ಲೆನ್ಸ್ ಬೇಕು!”

ಗುರುಗಳು ಗೋಡೆಯ ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲ ತೋರಿಸಿದರು.

“ನನ್ನ ಹತ್ತಿರ ಇರೋದು ಅದೊಂದೇ. ಐವತ್ತರದ್ದು. ಹಳೇ ಕ್ಯಾಮೆರಾ ಜೊತೆ ಬಂದದ್ದು. ಈಗ ಹೇಳು, ಯಾರ ಮುಖ?”

ಸುಧನ್ವ ತಲೆ ತಗ್ಗಿಸಿದ.

“ನಮ್ಮಕ್ಕಂದು.”

ಅಕ್ಕನ ಹೆಸರು ವಾರಿಜಾ. ಒಳ್ಳೆಯ ಹಾಡುಗಾರ್ತಿ, ಆದರೆ ಮನೆಯೊಳಗೆ ಮಾತ್ರ. ಎಡಗೆನ್ನೆಯಿಂದ ಕುತ್ತಿಗೆಗೆ ಇಳಿದ ತೊನ್ನಿನ ಬಿಳುಪು ಮುಂಗೈಗೂ ಬಂದಿತ್ತು. ಬಿಳುಪು ಹರಡಿದಂತೆ ಸೆರಗೂ ಮೇಲೇರುತ್ತ ಹೋಗಿತ್ತು.

ಈ ಸಲ ಪೇಟೆಯ ಸಂಗೀತ ಸಭೆಯವರು ಕಛೇರಿಗೆ ಕರೆದಿದ್ದರು. ಮೊದಲ ಕಛೇರಿ. ಬೀದಿಬೀದಿಯಲ್ಲಿ ಫ್ಲೆಕ್ಸ್ ಕಟ್ಟಿಸುತ್ತೇವೆ, ನಾಡಿದ್ದರೊಳಗೆ ಮುಖದ ಫೋಟೋ ಕೊಡಿ ಎಂದಿದ್ದರು.

“ಮುಖದ ಬದಲು ತಂಬೂರಿ ಚಿತ್ರ ಹಾಕಿ ಅಂದ್ಲು. ತಂಬೂರಿ ನೋಡೋಕೆ ಯಾರ್ರೀ ಬರ್ತಾರೆ ಅಂದ್ರು ಅವರು. ಹಾಗಾದ್ರೆ ಕಛೇರಿನೇ ಬೇಡ ಅಂತ ಕೂತಿದ್ದಾಳೆ. ಏನೂ ಕಾಣದ ಹಾಗೆ ನಾನು ತೆಗೀತೀನಿ ಅಂತ ಮಾತು ಕೊಟ್ಟಿದ್ದೀನಿ ಗುರುಗಳೇ. ಎಲ್ಲಾ ನುಣ್ಣಗೆ ಮಾಡೋ ಲೆನ್ಸ್ ಒಂದು ಬೇಕು. ಈ ಸಲ ವೇದಿಕೆ ಹತ್ತಲಿಲ್ಲ ಅಂದ್ರೆ ಅವಳು ಇನ್ನೆಂದೂ ಹತ್ತಲ್ಲ.”

“ಸರಿ. ನಮ್ಮಲ್ಲಿಯ ಪದ್ಧತಿ ಗೊತ್ತಲ್ಲ? ಹೋಗಿ ತಗೊಂಡು ಬಾ.”

ಅಲ್ಲಿಯ ಪದ್ಧತಿ ಇಷ್ಟೇ. ಹೊಸ ಲೆನ್ಸ್ ಕೇಳಿದವರು, ಅದು ಯಾವುದಕ್ಕಾಗಿ ಬೇಕೋ ಅದರ ಹಳೆಯ ಚಿತ್ರಗಳನ್ನೆಲ್ಲ ಅಚ್ಚು ಹಾಕಿಸಿ ತಂದು ಮೆಟ್ಟಿಲ ಮೇಲೆ ಹರಡಬೇಕು. ಮಿಂಚುಳ್ಳಿಗೆಂದು ಲೆನ್ಸ್ ಕೇಳಿದವನೊಬ್ಬ ಹಾಗೆ ಹರಡಿ, ಒಂದರಲ್ಲೂ ಹಕ್ಕಿಯೇ ಇಲ್ಲದ್ದು ನೋಡಿದ ಮೇಲೆ ಕನ್ನಡಕ ಕೊಂಡುಕೊಂಡು ಊರಿಗೆ ಹೋದನಂತೆ. ಇದು ನಾನೇ ಸೇರಿಸಿದ್ದೂ ಇರಬಹುದು.

ಸಂಜೆ ಸುಧನ್ವ ಚಿತ್ರಗಳನ್ನು ತಂದು ಹರಡಿದ. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಬೆಣಚುಕಲ್ಲು ಇಟ್ಟ. ಹಬ್ಬದ ದಿನದ ಅಕ್ಕ, ಉಯ್ಯಾಲೆಯ ಮೇಲಿನ ಅಕ್ಕ, ಚಿಕ್ಕಮ್ಮನ ಮಗಳ ಮದುವೆಯಲ್ಲಿ ಹೂ ಕಟ್ಟುತ್ತಿದ್ದ ಅಕ್ಕ.

ಗುರುಗಳು ಕೈ ಹಿಂದೆ ಕಟ್ಟಿಕೊಂಡು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಡೆದರು. ಆಮೇಲೆ ನೀರಿಗೆ ಕಾಲು ಬಿಟ್ಟು ಕೂತರು.

“ನಿಮ್ಮಕ್ಕನಿಗೆ ಒಂದೇ ಕಿವಿಯಾ?”

“ಯಾಕೆ ಗುರುಗಳೇ?”

“ಎಲ್ಲದರಲ್ಲೂ ಬಲಗಿವಿ ಇದೆ. ಎಡಗಿವಿ ಹುಡುಕಿ ಸಾಕಾಯ್ತು.”

ಸುಧನ್ವ ಬಗ್ಗಿ ನೋಡಿದ. ಇನ್ನೊಂದು ನೋಡಿದ. ಉಯ್ಯಾಲೆಯ ಸರಪಳಿಯ ಹಿಂದೆ, ದಾಸವಾಳದ ಗಿಡದ ಹಿಂದೆ, ಯಾರದೋ ಭುಜದ ಹಿಂದೆ ಎಡಗೆನ್ನೆ ಹೋಗಿ ಸೇರಿಕೊಂಡಿತ್ತು. ಇಷ್ಟು ದಿನ ಅವನೇ ತೆಗೆದ ಚಿತ್ರಗಳು. ಅವನೇ ನೋಡಿರಲಿಲ್ಲ.

“ಅವಳು ಕೂರೋದೇ ಹಾಗೆ ಗುರುಗಳೇ.”

“ಹುಟ್ಟಿದಾಗಿಂದ?”

ಸುಧನ್ವ ಒಂದು ಹಳೆಯ ಚಿತ್ರ ಎತ್ತಿಕೊಂಡ. ಅವನಿಗೆ ಕ್ಯಾಮೆರಾ ಬಂದ ದಿನದ್ದು.

“ಅವತ್ತು ಅವಳು ನೆಟ್ಟಗೆ ಕೂತಿದ್ದಳು. ಅಕ್ಕಾ, ಸ್ವಲ್ಪ ಈ ಕಡೆ ತಿರುಗು ಅಂತ ನಾನೇ ಅಂದೆ. ಚಿತ್ರ ನೋಡಿ ಅವಳಿಗೆ ಬೇಜಾರಾಗಬಾರದು ಅಂತ.”

“ಆಮೇಲೆ?”

“ಆಮೇಲೆ ಹೇಳಬೇಕಾಗಲಿಲ್ಲ. ಕ್ಯಾಮೆರಾ ಕಂಡರೆ ತಾನೇ ತಿರುಗ್ತಿದ್ದಳು.”

ಗುರುಗಳು ನೀರಲ್ಲಿ ಕಾಲು ಆಡಿಸಿದರು.

“ನಾಳೆ ಬೆಳಿಗ್ಗೆ ಅವಳನ್ನ ಕರ್ಕೊಂಡು ಬಾ. ಫೋಟೋ ಮಾತು ಎತ್ತಬೇಡ. ನಮ್ಮ ಗುರುಗಳ ತಂಬೂರಿ ಶ್ರುತಿ ಕೆಟ್ಟಿದೆ, ಸ್ವಲ್ಪ ನೋಡಬೇಕಂತೆ ಅನ್ನು.”

“ನಿಮ್ಮ ಹತ್ತಿರ ತಂಬೂರಿ ಇಲ್ಲವಲ್ಲ!”

“ಇಲ್ಲ. ಅದಕ್ಕಿಂತ ಕೆಟ್ಟ ಶ್ರುತಿ ಬೇಕೇನಯ್ಯ?”

ಮಾರನೆಯ ಬೆಳಿಗ್ಗೆ ವಾರಿಜಾ ಬಂದಳು. ಸೆರಗು ಕೆನ್ನೆಯವರೆಗೆ ಎಳೆದುಕೊಂಡು, ಅದರ ತುದಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದಿದ್ದಳು.

“ತಂಬೂರಿ ಎಲ್ಲಿ ಗುರುಗಳೇ?”

“ಹೊಳೆ ಪಾಲಾಯ್ತಮ್ಮ.”

“ಅಯ್ಯೋ! ಹೇಗೆ?”

“ಹೇಗೆ ಅಂತ ಯೋಚನೆ ಮಾಡ್ತಾ ಇದ್ದೀನಿ, ಹೊಳೀತಾ ಇಲ್ಲ. ಅಷ್ಟರೊಳಗೆ ನಿನ್ನಿಂದ ಒಂದು ಉಪಕಾರ ಆಗಬೇಕು. ಈ ನಿನ್ನ ತಮ್ಮನದೊಂದು ಚಿತ್ರ ತೆಗಿ.”

“ನಾನಾ? ನನಗೆಲ್ಲಿ ಬರುತ್ತೆ?”

“ಅವನಿಗೂ ಬರಲ್ಲ. ಆದರೂ ಧೈರ್ಯವಾಗಿ ತೆಗೀತಾ ಇಲ್ವಾ?”

ವಾರಿಜಾ ನಕ್ಕಳು. ಗುರುಗಳು ಚೀಲದಿಂದ ತಮ್ಮ ಕ್ಯಾಮೆರಾ ತೆಗೆದು, ಅದರ ಐವತ್ತರ ಲೆನ್ಸ್ ಬಿಚ್ಚಿದರು. ಅದನ್ನು ಹಿಂದುಮುಂದು ಮಾಡಿ, ಅದರ ಮುಖ ಕ್ಯಾಮೆರಾದ ಕಡೆಗೆ ಬರುವಂತೆ ಒತ್ತಿ ಹಿಡಿದರು.

“ಗುರುಗಳೇ, ಉಲ್ಟಾ ಆಯ್ತು! ಒಳಗೆ ಧೂಳು ಹೋಗುತ್ತೆ!” ಸುಧನ್ವ ಕೂಗಿದ.

“ಧೂಳು ಒರೆಸಬಹುದು. ನೀನು ಕೂತ್ಕೋ.” ಆಮೇಲೆ ವಾರಿಜಾಳ ಕಡೆ ತಿರುಗಿದರು. “ಹೀಗೆ ತಿರುಗಿಸಿ ಹಿಡಿದರೆ ಇದೇ ಮ್ಯಾಕ್ರೋ ಆಗುತ್ತಮ್ಮ. ಒಂದು ಕೈಯಲ್ಲಿ ಲೆನ್ಸ್ ಒತ್ತಿ ಹಿಡಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಅರ್ಧ ಗೇಣು ಹತ್ತಿರ ಹೋಗು. ಏನನ್ನೂ ತಿರುಪಬೇಡ, ನೀನೇ ಹಿಂದಕ್ಕೆ ಮುಂದಕ್ಕೆ ಸರಿ. ಸ್ಪಷ್ಟವಾಗಿ ಕಂಡ ಕೂಡಲೇ ಉಸಿರು ಹಿಡಿದು ಒತ್ತು. ಹಾಡೋರಿಗೆ ಉಸಿರು ಹಿಡಿಯೋದು ಹೇಳಿಕೊಡಬೇಕಾ?”

ಒಂದು ಕೈ ಲೆನ್ಸಿಗೆ, ಇನ್ನೊಂದು ಕ್ಯಾಮೆರಾಕ್ಕೆ. ಸೆರಗಿಗೆ ಕೈ ಉಳಿಯಲಿಲ್ಲ. ಅದು ಮೆಲ್ಲಗೆ ಜಾರಿ ಹೆಗಲ ಮೇಲೆ ಬಿತ್ತು. ವಾರಿಜಾ ಗಮನಿಸಲಿಲ್ಲ. ಅವಳು ತಮ್ಮನ ಮೂಗನ್ನು ಹುಡುಕುತ್ತಿದ್ದಳು.

“ಲೋ ಸುಧನ್ವಾ! ಇದೇನೋ ಇಷ್ಟೊಂದು ಗುಂಡಿ? ಮೂಗೋ ನಮ್ಮ ಬೀದಿಯೋ?”

“ಅಕ್ಕಾ, ಸಾಕು!”

“ಅಲ್ಲಾಡಬೇಡ ಕಣೋ, ಮಂಜಾಗುತ್ತೆ. ಅಯ್ಯಯ್ಯೋ, ಹುಬ್ಬಿನ ಮಧ್ಯೆ ಒಂದು ಬಿಳೀ ಕೂದಲು. ಕೆನ್ನೆ ನೋಡು, ಕೆಂಪಿದೆ, ಹಳದಿ ಇದೆ, ಇಲ್ಲಿ ಹಸಿರು ನರ. ನಿನ್ನದು ಒಂದೇ ಬಣ್ಣ ಅಂದ್ಕೊಂಡಿದ್ದೆನಲ್ಲೋ.”

ಅವಳು ನಕ್ಕು ನಕ್ಕು ಕ್ಯಾಮೆರಾ ಇಳಿಸಿದಳು. ಆಗ ಜಾರಿದ್ದ ಸೆರಗು ಕಂಡಿತು. ನಗು ನಿಂತಿತು. ಕೈ ಸೆರಗಿನವರೆಗೆ ಹೋಗಿ ಅಲ್ಲೇ ನಿಂತಿತು.

ಗುರುಗಳು ಹೊಳೆ ನೋಡುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ವಾರಿಜಾ ಕ್ಯಾಮೆರಾವನ್ನು ತಮ್ಮನ ಕೈಗೆ ಕೊಟ್ಟಳು. ಬಿಳುಪು ಹಬ್ಬಿದ್ದ ಮುಂಗೈಯನ್ನು ಮೆಟ್ಟಿಲ ಮೇಲೆ ಚಾಚಿದಳು.

“ತೆಗಿ. ಅಂಚು ಕಾಣಬೇಕು.”

ಸುಧನ್ವ ಲೆನ್ಸನ್ನು ಹಾಗೇ ಉಲ್ಟಾ ಒತ್ತಿ ಹಿಡಿದು ಮುಂಗೈಯ ಮೇಲೆ ಬಗ್ಗಿದ.

“ಉಸಿರು ಹಿಡಿಯೋ,” ಎಂದಳು ಅಕ್ಕ.

ಚಿತ್ರ ಕ್ಯಾಮೆರಾದ ಪರದೆಯ ಮೇಲೆ ಬಂತು. ಒಂದು ಕಡೆ ಕಂದು, ಒಂದು ಕಡೆ ಬಿಳುಪು. ಚರ್ಮದ ಸಣ್ಣ ಸಣ್ಣ ಗೆರೆಗಳು ಕಂದಿನಿಂದ ಬಿಳುಪಿಗೆ ಹಾಗೇ ನಡೆದುಹೋಗಿದ್ದವು. ಅಂಚಿನಲ್ಲಿ ಒಂದೂ ನಿಂತಿರಲಿಲ್ಲ.

“ಹೊಳೆ ದಂಡೆ ಇದ್ದ ಹಾಗಿದೆ ಅಕ್ಕಾ,” ಎಂದ ಸುಧನ್ವ. “ಮರಳು, ನೀರು.”

“ಕವಿತೆ ಬೇಡ ಕಣೋ. ಅದು ತೊನ್ನು.” ಅವಳು ಪರದೆಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. “ಆದರೆ ನಾನು ಅಂದ್ಕೊಂಡ ಹಾಗಿಲ್ಲ. ಅಲ್ಲಿಂದಾಚೆ ನಾನಿಲ್ಲವೇನೋ ಅನ್ಕೊಂಡಿದ್ದೆ.”

ಸುಧನ್ವ ಅಕ್ಕನ ಪಕ್ಕದಲ್ಲಿ ಕೂತ.

“ಅಕ್ಕಾ, ಮೊದಲನೇ ಸಲ ಈ ಕಡೆ ತಿರುಗು ಅಂದದ್ದು ನಾನು.”

“ಗೊತ್ತು.”

“ನಿನಗೆ ಬೇಜಾರಾಗಬಾರದು ಅಂತ…”

“ಅದೂ ಗೊತ್ತು. ನಿನಗೆ ಬೇಜಾರಾಗಬಾರದು ಅಂತ ನಾನು ತಿರುಗಿದೆ.”

ಗುರುಗಳು ಲೆನ್ಸನ್ನು ಪಂಚೆಯ ತುದಿಯಿಂದ ಒರೆಸಿ, ಸರಿಯಾಗಿ ಕ್ಯಾಮೆರಾಕ್ಕೆ ಕೂರಿಸಿ ಶಿಷ್ಯನಿಗೆ ಕೊಟ್ಟರು.

“ಗುರುಗಳೇ, ಮುಖಕ್ಕೆ ಎಷ್ಟು ದೂರ ನಿಲ್ಲಲಿ?”

“ನನ್ನ ಮುಖಾನಾ ತೆಗೆಯೋದು? ಅವಳನ್ನ ಕೇಳು.”

ಸುಧನ್ವ ಅಕ್ಕನ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಆ ಮಾತು ಕೇಳಿರಲೇ ಇಲ್ಲ.

“ಎಲ್ಲಿ ನಿಲ್ಲಲಿ ಅಕ್ಕಾ?”

ವಾರಿಜಾ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೂದಲನ್ನು ಎರಡೂ ಕಿವಿಯ ಹಿಂದಕ್ಕೆ ಸರಿಸಿದಳು.

“ಎದುರಿಗೆ ನಿಲ್ಲು. ಹಾಡೋವಾಗ ಹೇಗಿರ್ತೀನೋ ಹಾಗೇ ಬರಲಿ.”

ಅವಳು ಕಣ್ಣು ಮುಚ್ಚಿ ತೆರೆದಳು. ತೊಡೆಯ ಮೇಲೆ ಕೈ ಇಟ್ಟು ಉಸಿರು ತುಂಬಿಕೊಂಡಳು. ಬಾಯಿ ತೆರೆದಳು.

ಸುಧನ್ವ ಒತ್ತಿದ.

ಹಾಡು ಬರಲಿಲ್ಲ. ಅವಳು ಎದ್ದು ಸೀರೆ ಕೊಡವಿಕೊಂಡಳು.

“ಹಾಡಲ್ವಾ ಅಕ್ಕಾ?”

“ಹಾಡು ಬೇಕಾದ್ರೆ ಕಛೇರಿಗೆ ಬನ್ನಿ.”

ಆ ಚಿತ್ರ ಸಭೆಗೆ ಹೋಯಿತು. ಕಾರ್ಯದರ್ಶಿಗಳು ಅದನ್ನು ಹಿಡಿದುಕೊಂಡು ಹಾಗೆ ನೋಡಿದರು, ಹೀಗೆ ನೋಡಿದರು. “ಇದನ್ನೇ ಹಾಕೋದಾ ತಾಯಿ?” ಎಂದು ಕೇಳಿದರು.

“ಇದನ್ನೇ ಹಾಕಿ. ಜಾಗ ಉಳಿದರೆ ಪಕ್ಕದಲ್ಲಿ ಚಿಕ್ಕದಾಗಿ ತಂಬೂರಿ ಹಾಕಿ,” ಎಂದಳು ವಾರಿಜಾ.

ಪೇಟೆಯ ಬೀದಿಯಲ್ಲಿ ಫ್ಲೆಕ್ಸ್ ಎದ್ದ ದಿನ ಸುಧನ್ವ ಚಿತ್ರದ ಒಂದು ಪ್ರತಿ ಹಿಡಿದು ಹೊಳೆದಂಡೆಗೆ ಬಂದ. ಗುರುಗಳು ಅದನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ.

“ಹಿಂದೆ ಒಗೆಯೋ ಕಲ್ಲು ಕಾಣ್ತಿದೆ ಗುರುಗಳೇ, ಕರಗಲಿಲ್ಲ. ಎಮ್ಮೆ ಬಾಲವೂ ಬಂದುಬಿಟ್ಟಿದೆ. ಮುಂದಿನ ಸಲಕ್ಕೆ ಎಂಬತ್ತೈದರದ್ದು ತಗೊಳ್ಳಲಾ, ಇದೇ ಸಾಕಾ?”

ಗುರುಗಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ಕಛೇರಿ ಎಷ್ಟು ಗಂಟೆಗೆ?”

“ಸಂಜೆ ಆರಕ್ಕೆ. ಆದರೆ ಅದು ಬರೋ ತಿಂಗಳು ಗುರುಗಳೇ.”

ಗುರುಗಳು ಎದ್ದು, ಕಾಲಲ್ಲೇ ತಡವುತ್ತ ಚಪ್ಪಲಿ ಹುಡುಕಿದರು.

“ನಡಿ, ಈಗಲೇ ಹೊರಡೋಣ. ತಡವಾದ್ರೆ ಮುಂದಿನ ಸಾಲಲ್ಲಿ ಜಾಗ ಸಿಗಲ್ಲ.”