ಉಂಡೂ ಮಾತಾಡದ ಫೋನು

“ಹಂಸದುರ್ಗದ ಪ್ರಜೆಗಳೆಲ್ಲ ಕೇಳಿ. ತೀರಿಕೊಂಡ ಮಹಾರಾಣಿಯವರ ಫೋನು ಅರಮನೆಯ ಕಂಪ್ಯೂಟರಿಗೆ ಸೇರುತ್ತಿಲ್ಲ. ಸೇರಿಸಬಲ್ಲೆನೆಂಬವರು ಬಂದು ರಾಜಕುಮಾರಿಯವರು ಒಡ್ಡುವ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರ್ಧ ರಾಜ್ಯ, ರಾಜಕುಮಾರಿಯವರ ಕೈಹಿಡಿಯುವ ಭಾಗ್ಯ. ತಪ್ಪಿದವರಿಗೆ ತಲೆದಂಡ.”

ಡಂಗುರ ಹೀಗೆ ಊರೂರು ಸುತ್ತಿತು. ರಾಣಿ ಕಾಯಿಲೆ ಬಿದ್ದಿದ್ದಾಗ ಮಗಳು ಇಂದುಲೇಖೆಗೆ ಹೇಳಬೇಕೆಂದಿದ್ದನ್ನೆಲ್ಲ ಆ ಫೋನಿನಲ್ಲಿ ಮಾತಾಡಿ ಇಟ್ಟಿದ್ದಳು. ಈಗ ಫೋನಿಗೆ ವಯಸ್ಸಾಗಿ ಅದರ ಸ್ವರವೇ ನಿಂತುಹೋಗಿತ್ತು. ಮಾತುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳದೆ ಕೇಳುವ ಹಾಗಿರಲಿಲ್ಲ. ಹೆಂಡತಿಯ ದನಿಗೆ ಹಂಬಲಿಸಿದ ರಾಜ ಶಾಂತವರ್ಮ ಡಂಗುರ ಹೊಡೆಸಿದ. ಒಗಟು, ತಲೆದಂಡಗಳನ್ನು ಅದಕ್ಕೆ ಸೇರಿಸಿದವಳು ಮಗಳು. ತಾಯಿ ಸತ್ತ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ರಾಜನಿಗೆ ಇಲ್ಲವೆನ್ನಲಾಗಲಿಲ್ಲ.

ತಪ್ಪಿದವರೆಲ್ಲ ಸೆರೆಮನೆ ಸೇರಿದರು. ಅಮಾವಾಸ್ಯೆಯ ಮರುದಿನ ಅವರಿಗೆ ಶಿಕ್ಷೆ ಎಂದಾಯಿತು. ಅವರಲ್ಲೊಬ್ಬ ಕುರಿ ಕಾಯುವ ಜಕ್ಕಪ್ಪ. ಸುದ್ದಿ ಕೇಳಿದ ಅವನ ತಮ್ಮ ಮಾಳಿಂಗ ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಅರಮನೆಗೆ ಹೊರಟ. ಅರ್ಧ ರಾಜ್ಯದ ಆಸೆ ಅವನಿಗಿರಲಿಲ್ಲ. ಅಣ್ಣ ಬೇಕಿತ್ತು.

ಅವನು ಸಭೆಗೆ ಬಂದಾಗ ನೆರೆರಾಜ್ಯದ ರಾಜಕುಮಾರನೊಬ್ಬ ಫೋನಿನ ಮುಂದೆ ನಿಂತಿದ್ದ. ಇಂದುಲೇಖೆ ಮೆಲುದನಿಯಲ್ಲಿ ಕೇಳಿದಳು: “ಒಬ್ಬ ಉಣಬಡಿಸುತ್ತಾನೆ, ಇನ್ನೊಬ್ಬ ಹೊಟ್ಟೆತುಂಬ ಉಣ್ಣುತ್ತಾನೆ. ಆದರೂ ಇಬ್ಬರ ನಡುವೆ ಒಂದು ಮಾತಿಲ್ಲ. ಬಡಿಸುವವ ಕಿವುಡನಲ್ಲ, ಉಣ್ಣುವವ ಮೂಗನಲ್ಲ. ಕೊರತೆ ಎಲ್ಲಿದೆ?”

“ಉಣ್ಣುವವನಿಗೆ ಪೊಗರು. ಈ ಫೋನು ಕೆಟ್ಟಿದೆ, ಎಸೆಯಿರಿ,” ಎಂದ ರಾಜಕುಮಾರ. ಭಟರು ಅವನನ್ನು ಕರೆದೊಯ್ದರು. ಅವನ ಹಿಂದಿದ್ದ ವರ್ತಕರ ಮಗ ಕಂಪ್ಯೂಟರೇ ಕಿವುಡೆಂದ. ಅವನೂ ಹೋದ.

ಮಾತಾಡುವ ಮೊದಲು ಮಾಳಿಂಗ ಫೋನನ್ನು ಕೈಗೆತ್ತಿಕೊಂಡ. ಕಂಪ್ಯೂಟರಿಗೆ ಸಿಕ್ಕಿಸಿದರೆ ಚಾರ್ಜ್ ಏರುತ್ತಿತ್ತು, ಅಷ್ಟೆ. ಅವನ ಬಳಿಯೂ ಒಂದು ಹಳೆಯ ಫೋನಿತ್ತು. ಭಾವನ ಮನೆಯ ಕಂಪ್ಯೂಟರಿನಿಂದ ಅದಕ್ಕೆ ಹಾಡು ತುಂಬಿಸಿಕೊಳ್ಳಲು ಹೋಗಿ ಅವನೂ ಒಮ್ಮೆ ಹೀಗೇ ಒದ್ದಾಡಿದ್ದ.

“ಕೊರತೆ ನಡುವಿನ ದಾರಿಯಲ್ಲಿದೆ, ಅಮ್ಮಣ್ಣೀ. ಈ ಕೇಬಲ್ಲು ಅನ್ನ ಹೊರುತ್ತದೆ, ಮಾತು ಹೊರುವುದಿಲ್ಲ. ಬರೀ ಚಾರ್ಜಿಗೆಂದು ಮಾಡಿದ್ದಿರಬೇಕು. ಬೇರೆಯದು ತರಿಸಿ.”

ಬೇರೆ ಕೇಬಲ್ಲು ಬಂತು. ಸಿಕ್ಕಿಸಿದ ಕೂಡಲೇ ಕಂಪ್ಯೂಟರು ಟಿಣ್ ಎಂದಿತು, ಪರದೆಯ ಮೇಲೆ ಫೋನಿನ ಹೆಸರು ಮೂಡಿತು. ರಾಜ ಸಿಂಹಾಸನದಿಂದೆದ್ದು ಓಡಿ ಬಂದ. ತೆರೆದು ನೋಡಿದರೆ ಒಳಗೆ ಏನೂ ಇರಲಿಲ್ಲ.

ಇಂದುಲೇಖೆಯ ಮುಖ ಬಿಳಿಚಿತ್ತು. “ಎರಡನೆಯದು ಕೇಳು. ಬಂದವನು ಬಾಗಿಲಲ್ಲಿ ನಿಂತಿದ್ದಾನೆ. ಮನೆಯ ಹೆಸರು ಅವನಿಗೆ ಗೊತ್ತು. ಮನೆತುಂಬ ಸಾಮಾನಿದೆ, ಅವನಿಗೆ ಕಾಣುವುದು ಮಾತ್ರ ಬರಿದು. ಅವನು ಕುರುಡನಲ್ಲ. ಏಕೆ ಹೀಗೆ?”

“ಒಳಗಿನವರು ಬಾಗಿಲು ತೆಗೆದು ಬಾ ಎಂದಿಲ್ಲ. ಫೋನಿಗೆ ಬೀಗ ಬಿದ್ದಿದೆ. ಬೀಗ ತೆಗೆದರೆ, ಈ ಕಂಪ್ಯೂಟರಿಗೆ ಫೈಲುಗಳನ್ನು ತೋರಿಸಲೇ ಎಂದು ಫೋನೇ ಕೇಳುತ್ತದೆ. ಹೂಂ ಅನ್ನಬೇಕು.”

“ಬೀಗದ ಗುರುತು ಯಾರಿಗೆ ಗೊತ್ತು?” ಎಂದ ರಾಜ. ಮಾಳಿಂಗ ನೋಡಿದ. ರಾಜಕುಮಾರಿಯ ಹೆಬ್ಬೆರಳು ಫೋನಿನ ಮೇಲೆ ಬಂದು, ತಾಗದೆ ಹಿಂದೆ ಸರಿಯಿತು.

“ಮೂರನೆಯದು,” ಎಂದಳು ಅವಳು. ಈಗ ಅವಳ ದನಿ ಮಾಳಿಂಗನಿಗಷ್ಟೇ ಕೇಳಿಸುವಂತಿತ್ತು. “ಬೀಗದ ಕೈ ಇರುವವಳೇ ಬಾಗಿಲು ತೆಗೆಯುತ್ತಿಲ್ಲ. ಒಳಗಿರುವುದು ಅವಳದೇ ಸ್ವತ್ತು. ಕಳ್ಳರ ಭಯವಿಲ್ಲ. ಏಕೆ ತೆಗೆಯುತ್ತಿಲ್ಲ?”

ಇದಕ್ಕೆ ಕೇಬಲ್ಲು ಬದಲಿಸಿ ನೋಡುವ ಹಾಗಿರಲಿಲ್ಲ. ಸಭೆ ಕಾಯಿತು. ಭಟರು ಹತ್ತಿರ ಬಂದರು. ಮಾಳಿಂಗನಿಗೆ ತನ್ನ ಅವ್ವ ನೆನಪಾದಳು. ಅವಳು ಸತ್ತಾಗ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಇತ್ತು. ಅದನ್ನು ನೇಯ್ದು ಮುಗಿಸಲು ಅಣ್ಣನಿಗೂ ಕೈಬರಲಿಲ್ಲ, ತನಗೂ ಬರಲಿಲ್ಲ. ಕೊನೆಗೆ ಇಲಿ ಕಡಿದು ಹಾಳಾಯಿತು.

“ತೆಗೆದರೆ ಕೇಳಬೇಕಾಗುತ್ತದೆ. ಕೇಳಿದರೆ ಅಮ್ಮ ಹೇಳುವುದು ಮುಗಿದುಹೋಗುತ್ತದೆ. ತೆಗೆಯದೆ ಇದ್ದರೆ ಅವಳು ಹೇಳುವುದು ಇನ್ನೂ ಬಾಕಿ ಇರುತ್ತದೆ,” ಎಂದ. ಆಮೇಲೆ ಫೋನನ್ನು ಮಗುಚಿ ತೋರಿಸಿದ. “ಆದರೆ ನೋಡಿ, ಬ್ಯಾಟರಿ ಊದಿ ಬೆನ್ನು ಬಿರಿಯುತ್ತಿದೆ. ಇದು ಇನ್ನು ಬಹಳ ದಿನ ಕಾಯುವುದಿಲ್ಲ.”

ಇಂದುಲೇಖೆ ಫೋನಿನ ಊದಿದ ಬೆನ್ನನ್ನು ಸವರಿ ತಂದೆಯ ಕಡೆ ತಿರುಗಿದಳು. “ಕೇಬಲ್ಲು ಬದಲಿಸಿಟ್ಟವಳು ನಾನೇ, ಅಪ್ಪಾಜಿ,” ಎಂದಳು ಕೊನೆಗೆ. “ತಲೆದಂಡ ಎಂದರೆ ಹೆದರಿ ಯಾರೂ ಬರುವುದಿಲ್ಲ ಅಂದುಕೊಂಡೆ. ಬಂದರು. ಆಮೇಲೆ ನಿಲ್ಲಿಸುವ ಧೈರ್ಯ ನನಗಾಗಲಿಲ್ಲ.”

ರಾಜ ಗದರಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ಬೀಗ ತೆಗೆದಳು, ಫೋನು ಕೇಳಿದ್ದಕ್ಕೆ ಹೂಂ ಅಂದಳು. ಕಂಪ್ಯೂಟರಿನ ಪರದೆ ತುಂಬಿತು. ಎಲ್ಲವೂ ಇಳಿದ ಮೇಲೆ ಮೊದಲನೆಯದನ್ನು ಒತ್ತಿದಳು. ಒಂದು ಕೆಮ್ಮು ಕೇಳಿಸಿತು. ಹಿಂದೆಯೇ ದಣಿದ ದನಿಯೊಂದು, “ಇಂದೂ, ಊಟ ಆಯ್ತೇನೇ?” ಎಂದಿತು.

“ಇಲ್ಲಮ್ಮ,” ಎಂದಳು ಅವಳು.

ಅಂದೇ ಅವಳು ಸೆರೆಮನೆಗೆ ತಾನೇ ಹೋಗಿ ಬಾಗಿಲು ತೆಗೆಸಿ ಒಬ್ಬೊಬ್ಬರ ಮುಂದೆಯೂ ಕೈಮುಗಿದಳು. ಕೆಲವರು ಕ್ಷಮಿಸಿದರು, ಕೆಲವರು ಮುಖ ತಿರುಗಿಸಿ ಹೋದರು. ಜಕ್ಕಪ್ಪ ತಮ್ಮನನ್ನು ತಬ್ಬಿಕೊಂಡು, “ಕುರಿ ಯಾರ ಹತ್ತಿರ ಬಿಟ್ಟು ಬಂದೆಯೋ?” ಎಂದ.

ರಾಜ ಅರ್ಧ ರಾಜ್ಯ ಕೊಡಹೋದ. ಮಾಳಿಂಗ ಹೊಳೆದಂಡೆಯ ಹುಲ್ಲುಗಾವಲು ಸಾಕೆಂದ. “ರಾಜಕುಮಾರಿಯವರ ಕೈಯನ್ನು ಕೊಡುವುದು ಬಿಡುವುದು ಅವರಿಗೇ ಸೇರಿದ್ದು, ದೊರೆಯೇ,” ಎಂದು ಅಣ್ಣನೊಂದಿಗೆ ಹೊರಟುಹೋದ.

ಇಂದುಲೇಖೆ ದಿನಕ್ಕಿಷ್ಟಿಷ್ಟೇ ಕೇಳಿದಳು. ಮಳೆಗಾಲ ಕಳೆದು ಹುಲ್ಲು ಹಣ್ಣಾಗುವ ಹೊತ್ತಿಗೆ ಒಂದು ಬೆಳಗ್ಗೆ ನಡೆದುಕೊಂಡೇ ಹುಲ್ಲುಗಾವಲಿಗೆ ಬಂದಳು. “ಅಮ್ಮ ಹೇಳಿ ಮುಗಿಸಿದಳು,” ಎಂದಳು. ಮಾಳಿಂಗ ಕಂಬಳಿ ಹಾಸಿ, ಕೂರಿಸಿ, ಏನೇನು ಹೇಳಿದರೆಂದು ಕೇಳಿದ. ಅವಳು ಹೇಳುತ್ತಾ ಹೋದಳು, ಅವನು ಕೇಳುತ್ತಾ ಕೂತ. ಕುರಿಗಳು ತಾವಾಗಿಯೇ ದೊಡ್ಡಿಗೆ ಮರಳಿದರೂ ಅವಳ ಮಾತು ಮುಗಿದಿರಲಿಲ್ಲ. ಅವರ ಮದುವೆ ಮುಂದಿನ ಸುಗ್ಗಿಯಲ್ಲಿ ನಡೆಯಿತು.