ಹನುಮನಾಯಕನ ಪಿಂಡ

ದಂಗೆಯೆದ್ದು ಅರಸನನ್ನು ಮುಗಿಸಿದ ನಾಡೊಂದಿತ್ತು.

ಅರಮನೆಯನ್ನು ಕಚೇರಿ ಮಾಡಿದರು. ಸಿಂಹಾಸನ ಒಡೆದು, ಅದೇ ಮರದಲ್ಲಿ ಕುರ್ಚಿ ಮಾಡಿಸಿದರು. ಹಳೆಯದೊಂದು ಪದ್ಧತಿಯ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಆಳುವವನು ಸತ್ತರೆ ಅವನಿಗೆ ಪಿಂಡವಿಟ್ಟವನೇ ಮುಂದಿನ ಒಡೆಯ. ಆದರೆ ಆ ಪಿಂಡವನ್ನು ಕಾಗೆ ಮುಟ್ಟಬೇಕು.

ದಂಗೆಯ ಮುಂದಾಳು ಹನುಮನಾಯಕ ಆ ಕುರ್ಚಿಯಲ್ಲೇ ಮುದುಕನಾದ, ಅದರಲ್ಲೇ ಸತ್ತ. ಹಿಡಿದ ಬೆರಳುಗಳನ್ನು ಬಿಡಿಸಲು ಆಗಲಿಲ್ಲ. ಬಡಗಿಯನ್ನು ಕರೆಸಿ ಕುರ್ಚಿಯ ಕೈಗಳನ್ನೇ ಕೊಯ್ಯಿಸಿ, ಅವುಗಳ ಸಮೇತ ಸುಟ್ಟರು.

ಅವನಿಗೆ ಮಕ್ಕಳಿರಲಿಲ್ಲ. ಅಕ್ಕನ ಮಗ ಶ್ರೀಕಂಠ ನದಿಯ ದಂಡೆಯ ಆಶ್ರಮದಲ್ಲಿ ಶಿಷ್ಯನಾಗಿದ್ದ. ರಾಜಧಾನಿಯ ದೊಡ್ಡವರು ಹೂಮಾಲೆ ಹಿಡಿದು ಅಲ್ಲಿಗೇ ಬಂದು, ಮೆಟ್ಟಿಲ ಮೇಲೆ ಕೂತರು.

ಶ್ರೀಕಂಠ ಮರಳಿನ ಮೇಲೆ ಪಿಂಡವಿಟ್ಟು ಹಿಂದೆ ಸರಿದ. ಗುರುಗಳು ಪಕ್ಕದಲ್ಲಿ ನಿಂತಿದ್ದರು.

ಕಾಗೆಗಳು ಬಂದವು. ಒಂದೂ ಕೂಗಲಿಲ್ಲ. ಪಿಂಡದ ಸುತ್ತ ಕೂತು ಶ್ರೀಕಂಠನ ಮುಖವನ್ನೇ ನೋಡತೊಡಗಿದವು.

"ಏನೋ ಆಸೆ ಉಳಿದಿದೆ. ನಡೆಸಿಕೊಡುತ್ತೇನೆ ಅಂತ ಮಾತು ಕೊಡು," ಎಂದರು ಗುರುಗಳು.

"ಮಾವ, ನಿಮ್ಮ ಪ್ರತಿಮೆ ನಿಲ್ಲಿಸುತ್ತೇನೆ."

ಕಾಗೆಗಳು ಕದಲಲಿಲ್ಲ.

"ಆನೆಯಷ್ಟು ಎತ್ತರದ್ದು."

"ಚೌಕಾಸಿ ಮಾಡಬೇಡ," ಎಂದರು ಗುರುಗಳು.

"ನೀವು ಜೈಲಿಗೆ ಹಾಕಿಸಿದವರನ್ನು ಅಲ್ಲೇ ಇಡುತ್ತೇನೆ, ಮಾವ." ಸ್ವಲ್ಪ ಹೊತ್ತು ಕಾದ. "ಹೋಗಲಿ, ಬಿಟ್ಟುಬಿಡುತ್ತೇನೆ."

ಗಾಳಿ ನಿಂತಿತ್ತು. ಹರಿಯುವ ನೀರಿನ ಸದ್ದೂ ಕೇಳಿಸುತ್ತಿರಲಿಲ್ಲ.

"ಗುರುಗಳೇ, ಇವರಿಗೆ ಇನ್ನೇನು ಬೇಕು?"

"ಬದುಕಿದ್ದಾಗ ಏನು ಬೇಕಿತ್ತು?"

"ಕುರ್ಚಿ."

"ಸತ್ತ ಮೇಲೆ ರುಚಿ ಬದಲಾಗುತ್ತದೆ ಅಂದುಕೊಂಡೆಯಾ?"

ಶ್ರೀಕಂಠ ಮೆಟ್ಟಿಲತ್ತ ನೋಡಿದ. ಮಾಲೆ ಬಾಡತೊಡಗಿತ್ತು. ಅವನು ಮರಳಿಗೆ ಮೊಣಕಾಲೂರಿ, ಮೆಟ್ಟಿಲ ಮೇಲಿದ್ದವರಿಗೆ ಕೇಳದಂತೆ ಪಿಸುಗುಟ್ಟಿದ.

"ಮಾವ, ಕುರ್ಚಿ ನಿಮ್ಮದೇ. ನಾನು ಅದರಲ್ಲಿ ಕೂರುವುದಿಲ್ಲ. ನಮ್ಮಮ್ಮನ ಆಣೆ."

ಕಾಗೆಗಳು ಎರಗಿದವು. ಒಂದಗುಳೂ ಉಳಿಯಲಿಲ್ಲ.

ಕುತ್ತಿಗೆಯ ಗರಿ ನರೆತಿದ್ದ ಒಂದು ಮುದಿ ಕಾಗೆ ಮಾತ್ರ ತಿನ್ನಲು ಮುಂದೆ ಬಾರದೆ, ದೂರದಲ್ಲಿ ಕೂತೇ ಇತ್ತು.

ಮೆಟ್ಟಿಲ ಮೇಲಿನವರು ದಡಬಡ ಎದ್ದರು. ಬೆಳಿಗ್ಗೆ ಅವನನ್ನು 'ಏನಪ್ಪಾ' ಎಂದು ಮಾತಾಡಿಸಿದ್ದವರು ಈಗ, "ಕಾಗೆ ಮುಟ್ಟಿತು, ಬರಬೇಕು ಬುದ್ಧಿ, ಗಾಡಿ ಕಾದಿದೆ," ಎಂದು ಕರೆದರು.

ಶ್ರೀಕಂಠ ಮೊಣಕಾಲಿನ ಮರಳು ಕೊಡವಿಕೊಂಡ. ಅವರತ್ತ ಹೊರಟವನು ತಿರುಗಿ ಬಂದ.

"ಗುರುಗಳೇ, ನಾನು ಆಣೆಯಿಟ್ಟದ್ದು ಕೇಳಿಸಿಕೊಂಡವರು ನಾವಿಬ್ಬರೇ ಅಲ್ಲವೇ?"

ಗುರುಗಳು ಆ ಮುದಿ ಕಾಗೆಯನ್ನು ನೋಡುತ್ತಿದ್ದರು.

"ಅರಸನನ್ನು ಕೊಲ್ಲಿಸಿ, ಇಲ್ಲೇ ಅವನಿಗೆ ಪಿಂಡವಿಟ್ಟ ದಿನ ನಿನ್ನ ಮಾವನೂ ನನ್ನನ್ನು ಇದನ್ನೇ ಕೇಳಿದ. ಆಗಲೂ ಆ ಕಾಗೆ ಹೀಗೇ ತಿನ್ನದೆ ಕೂತಿತ್ತು."